ಪೊನ್ನಮ್ಮ ರಸ್ತೆಯಲ್ಲಿ ನಿಂತು ಕೇಳಿದ್ದು

ಪೊನ್ನಮ್ಮ ಕೆಟ್ಟ ಹೆಂಗಸಲ್ಲ. ಇದನ್ನು ಮೊದಲೇ ಹೇಳದಿದ್ದರೆ ಮುಂದಿನದನ್ನು ಓದಿದವರು ಅವಳನ್ನು ಬೈದುಕೊಂಡಾರು. ಯಾರ ಮನೆಯಲ್ಲಿ ಜ್ವರವೋ ಆ ಮನೆಗೆ ಕಷಾಯದ ಚೊಂಬು ಹಿಡಿದು ಮೊದಲು ಬರುವವಳು ಅವಳೇ. ದನ ಕಾಲು ಉಳುಕಿಸಿಕೊಂಡರೆ ಸೊಪ್ಪು ಅರೆದು ಕಟ್ಟುವವಳೂ ಅವಳೇ. ಅವಳಿಗಿದ್ದದ್ದು ಒಂದೇ ಕಾಯಿಲೆ. ಇನ್ನೊಬ್ಬರ ಮೈಯೊಳಗೆ ಏನಾಗುತ್ತಿದೆ ಅಂತ ಅವಳಿಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಊಟ ಸೇರುತ್ತಿರಲಿಲ್ಲ.

ನಮ್ಮ ಊರು ಚೇರಂಬಾಣೆಯಿಂದ ಆಚೆ, ಗೌಡರ ಮನೆಗಳೇ ಹೆಚ್ಚು. ಮನೆಯೊಳಗೆ ಮಾತು ಅರೆಭಾಷೆ, ಹೊರಗಿನವರ ಹತ್ತಿರ ಕನ್ನಡ, ಕೂಲಿಯವರ ಹತ್ತಿರ ಬಾಯಿಗೆ ಬಂದದ್ದು. ಪೊನ್ನಮ್ಮನ ಮನೆಗೂ ನಮ್ಮ ಮನೆಗೂ ನಡುವೆ ದಾಸವಾಳದ ಬೇಲಿ ಒಂದೇ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಅವಳು ಬೇಲಿಯ ಮೇಲಿಂದ ಕತ್ತು ಚಾಚಿ ಕೇಳಿದ ಮೊದಲ ಮಾತು, "ಏ ಕೂಸು, ನಿಂಗೆ ಹೊಟ್ಟೆ ಸರಿ ಹೋಗ್ತುಟ್ಟಾ? ನಮ್ಮೂರ ನೀರು ಹೊಸಬರಿಗೆ ಕಟ್ಟಿ ಹಾಕ್ತದೆ." ನನ್ನ ಮಾವ ಅಲ್ಲೇ ಅಡಿಕೆ ಸುಲಿಯುತ್ತಾ ಕೂತಿದ್ದರು. ನಾನು ನೆಲದೊಳಗೆ ಇಳಿದುಹೋಗುವುದೊಂದು ಬಾಕಿ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಮೊದಲ ಜನಗಣತಿ ಬಂತಲ್ಲ, ಆಗ ಬಯಲುಸೀಮೆಯ ಕಡೆಯ ಒಬ್ಬ ಹುಡುಗ ಕೊಡೆ ಹಿಡಿದುಕೊಂಡು ಮನೆಮನೆಗೆ ಬಂದಿದ್ದ. ಪೊನ್ನಮ್ಮನ ಮನೆಯಲ್ಲಿ ಅವನು ಹೆಸರು, ವಯಸ್ಸು, ಕಸುಬು ಕೇಳಿದ. ಅವಳು ಹೇಳಿದಳು. ಆಮೇಲೆ ತನ್ನ ಸರದಿ ಶುರು ಮಾಡಿದಳು. ಮದುವೆ ಆಗಿ ಎಷ್ಟು ದಿನ ಆತ್, ಇನ್ನೂ ಮಕ್ಕಳು ಯಾಕಿಲ್ಲೆ, ತೊಂದರೆ ನಿಂದಾ ಅವಳದ್ದಾ, ಕುತ್ತಿಗೆ ಹಿಂದೆ ಕೆರ್ಕೊಳ್ತಾ ಇದ್ದಿಯಲ್ಲ ಅದು ಹುಳುಕಡ್ಡಿಯಾ. ಹುಡುಗ ಕಾಫಿ ಲೋಟ ಅರ್ಧಕ್ಕೇ ಬಿಟ್ಟು ಎದ್ದ. ಅವಳ ಗಂಡ ಉತ್ತಯ್ಯಣ್ಣ ಹೇಳುತ್ತಿದ್ದರು, "ಸರ್ಕಾರದವ ನಮ್ಮನ್ನು ಬರೆದ್ಕೊಳ್ಳೋಕೆ ಬಂದ, ಇವಳು ಅವನನ್ನೇ ಬರೆದ್ಕೊಂಡು ಕಳಿಸಿದ್ಳು."

ಉತ್ತಯ್ಯಣ್ಣ ಮಾತು ಕಡಿಮೆಯ ಮನುಷ್ಯ. ಇದ್ದ ಮಾತೆಲ್ಲ ಹೆಂಡತಿಗೆ ಧಾರೆ ಎರೆದುಕೊಟ್ಟು ಕೂತ ಹಾಗೆ ಇದ್ದರು.

ಇಷ್ಟೇ ಆಗಿದ್ದರೆ ಊರು ಸಹಿಸಿಕೊಳ್ಳುತ್ತಿತ್ತು. ಆದರೆ ವರ್ಷಕ್ಕೊಮ್ಮೆ ಆಟಿ ಹದಿನೆಂಟು ಬರುತ್ತದೆ.

ಗೊತ್ತಿಲ್ಲದವರಿಗೆ ಹೇಳಬೇಕು. ಮಳೆ ಜೋರಿರುವ ಆಟಿ ತಿಂಗಳ ಹದಿನೆಂಟಕ್ಕೆ ಕಾಡಿನ ಅಂಚಿನಲ್ಲಿ ಬೆಳೆಯುವ ಒಂದು ಗಿಡಕ್ಕೆ ಹದಿನೆಂಟು ಬಗೆಯ ಮದ್ದು ತುಂಬಿರುತ್ತದೆ ಅಂತ ನಮ್ಮಲ್ಲಿ ನಂಬಿಕೆ. ಆ ದಿನವೇ ಅದಕ್ಕೆ ಘಮ ಬರುವುದು. ಆ ಮದ್ದುಸೊಪ್ಪನ್ನು ಕುದಿಸಿದರೆ ನೇರಳೆ ಹಣ್ಣಿನಂಥ ಕಪ್ಪು ರಸ ಬಿಡುತ್ತದೆ. ಅದರಲ್ಲಿ ಅಕ್ಕಿ, ಬೆಲ್ಲ, ಕಾಯಿ ಹಾಕಿ ಪಾಯಸ ಮಾಡಿ, ತುಪ್ಪ ಸುರಿದುಕೊಂಡು ಹೊಟ್ಟೆತುಂಬ ತಿನ್ನುತ್ತೇವೆ. ನಾಟಿ ಕೆಲಸದಲ್ಲಿ ಸೋತ ಮೈಗೆ ಅದು ಒಳ್ಳೆಯದು. ತಿಂದ ಮಾರನೆಯ ಬೆಳಗ್ಗೆ ಒಂದಕ್ಕೆ ಹೋದರೆ ಕೆಂಪಗೆ ಹೋಗುತ್ತದೆ. ಹೆದರುವಂಥದ್ದೇನಲ್ಲ, ಸೊಪ್ಪಿನ ಬಣ್ಣ. ಕೆಂಪು ಹೋದರೆ ಮದ್ದು ಹತ್ತಿತು ಅಂತ ಲೆಕ್ಕ. ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ.

ಪೊನ್ನಮ್ಮ ಆಡುತ್ತಿದ್ದಳು. ಸೊಪ್ಪು ಕಿತ್ತು ಊರಿಗೆಲ್ಲ ಹಂಚುವವಳು ಅವಳು. ತಾನು ಕೊಟ್ಟ ಮದ್ದು ಯಾರ್ಯಾರಿಗೆ ಹತ್ತಿತು ಅಂತ ತಿಳಿಯಬೇಡವೇ? ಮಾರನೆಯ ದಿನ ಬೆಳಕು ಹರಿಯುತ್ತಲೇ ಮಳೆಗೆ ಎಲೆ ಹೆಣೆದ ಗೊರಬೆಯನ್ನು ಬೆನ್ನಿಗೆ ಹಾಕಿಕೊಂಡು, ಮಳೆಯಲ್ಲಿ ಎದ್ದು ನಡೆವ ಆಮೆಯ ಹಾಗೆ ಹೊರಡುತ್ತಿದ್ದಳು. ಒಳಗೆ ಬಂದು ಕೇಳಲು ಅವಳಿಗೆ ಪುರುಸೊತ್ತೆಲ್ಲಿ, ಮನೆಗಳು ಬಹಳ. ರಸ್ತೆಯಲ್ಲೇ ನಿಂತು ಕೂಗುವುದು:

"ಕೆಂಪು ಬಾತಾ?"

ನಮ್ಮ ಪಟೇಲರು ಗುರುವಪ್ಪ ಅಂತ. ಕೋಟಿನ ಗುಂಡಿ ಕುತ್ತಿಗೆವರೆಗೆ ಹಾಕುವ ಗಂಭೀರ ಮನುಷ್ಯ. ಒಂದು ವರ್ಷ ಅವರ ಜಗಲಿಯಲ್ಲಿ ಕಂದಾಯ ಇಲಾಖೆಗೆ ಹೊಸದಾಗಿ ಬಂದ ಶೇಕ್ದಾರರು ಕೂತಿದ್ದರು. ರಸ್ತೆಯಿಂದ ಕೂಗು ಬಂತು. "ಪಟೇಲ್ರೇ, ಕೆಂಪು ಬಾತಾ?"

ಶೇಕ್ದಾರರು ಕೇಳಿದರು, "ಏನ್ರೀ ಅದು ಕೆಂಪು?"

ಪಟೇಲರು ಬೆವರಿದರು. "ಅದು... ನಮ್ಮದೊಂದು ಕೆಂಪು ಹಸು. ನಿನ್ನೆ ತಪ್ಪಿಸ್ಕೊಂಡಿತ್ತು. ಬಂತಾ ಅಂತ ಕೇಳ್ತಾ ಇದ್ದಾಳೆ." ಆಮೇಲೆ ಗಟ್ಟಿಯಾಗಿ, "ಬಾತ್ ಪೊನ್ನಮ್ಮ, ಕೊಟ್ಟಿಗೇಲಿ ಉಟ್ಟು!"

"ಹಸು ಅಲ್ಲ ಪಟೇಲ್ರೇ! ನಿಮಗೆ!"

ಆವತ್ತಿಂದ ಪಟೇಲರು ಆಟಿ ಹತ್ತೊಂಬತ್ತಕ್ಕೆ ಬಾಗಿಲು ಹಾಕಿಕೊಂಡು ಒಳಗೇ ಕೂರತೊಡಗಿದರು.

ಪೊನ್ನಮ್ಮನ ಒಬ್ಬಳೇ ಮಗಳು ಯಮುನ. ಅವಳನ್ನು ಅದೇ ಊರಿನ ಆಚೆ ಬದಿಯ ಮನೆಗೆ ಕೊಟ್ಟಿದ್ದರು. ಯಮುನಳ ಅತ್ತೆ ಪೂವಮ್ಮ ಅಂದರೆ ನಮ್ಮೂರಿನ ಮಟ್ಟಿಗೆ ಮಹಾರಾಣಿ. ಸೀರೆಯ ನೆರಿಗೆ ಮಣ್ಣಿಗೆ ತಾಗುತ್ತಿರಲಿಲ್ಲ, ಮಾತು ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಮದುವೆಯಾದ ವರ್ಷದ ಆಟಿಯಲ್ಲಿ ಆ ಮನೆಗೆ ಮಡಿಕೇರಿಯಿಂದ ನೆಂಟರು ಬಂದು ತಿಂಡಿ ತಿನ್ನುತ್ತಾ ಕೂತಿದ್ದಾಗ ಪೊನ್ನಮ್ಮನ ಸವಾರಿ ಹೋಯಿತು.

"ಪೂವಮ್ಮಾ, ಕೆಂಪು ಬಾತಾ?"

ಪೂವಮ್ಮ ನೆಂಟರ ತಟ್ಟೆಗೆ ತಿಂಡಿ ಬಡಿಸುತ್ತಲೇ ಇದ್ದಳು.

"ಬಾರ್ಲೆಯಾ? ಎಷ್ಟು ತಿಂದ್ರಿ? ಹೊತ್ತಿಗೆ ಸರಿಯಾಗಿ ಹೋದಿರಾ? ಬಣ್ಣ ಹೆಂಗೆ, ದಾಸವಾಳದ ಹಾಗಾ, ಕುಂಕುಮದ ಹಾಗಾ?"

ಪೂವಮ್ಮ "ಬಾತ್" ಅಂತ ಒಂದು ಅಂದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡವಳು ನೆಂಟರು ಹೊರಡುವವರೆಗೂ ಹೊರಗೆ ಬರಲಿಲ್ಲ. ಅವಳು ಅಷ್ಟು ಸಿಟ್ಟು ಮಾಡಿಕೊಂಡದ್ದು ಯಾಕೆ ಅಂತ ನಮಗೆ ಆಗ ಆಶ್ಚರ್ಯ. ಪೊನ್ನಮ್ಮ ಊರಿಗೆಲ್ಲ ಕೇಳುತ್ತಾಳೆ, ನಾವೆಲ್ಲ ಬೈದುಕೊಂಡು ಮರೆಯುತ್ತೇವೆ. ಪೂವಮ್ಮ ಮರೆಯಲಿಲ್ಲ.

ಮರುವರ್ಷ ಯಮುನ ಬಸುರಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ, ಅದು ಎಲ್ಲ ಕಡೆಯ ಪದ್ಧತಿ. ಪೊನ್ನಮ್ಮ ಆಗಲೇ ಎಣ್ಣೆ ಕಾಸಿ, ಹಳೆಯ ಸೀರೆ ಒಗೆದು ಮೃದು ಮಾಡಿ, ತೊಟ್ಟಿಲಿಗೆ ಹೊಸ ಹಗ್ಗ ಹೊಸೆದು ಇಟ್ಟಿದ್ದಳು. ಆಟಿ ಕಳೆದು ಸೋಣ ತಿಂಗಳು ಹುಟ್ಟಿದ ಮೇಲೆ ಕರೆದುಕೊಂಡು ಬರುವುದು ಅಂತ ಮಾತು. ಆಟಿ ಹುಟ್ಟುವ ಮುಂಚೆ ಪೂವಮ್ಮ ತಾನೇ ನಡೆದು ಬಂದಳು. ಕೂರಲಿಲ್ಲ. ನಾನು ಬೇಲಿಯ ಈಚೆ ಹೂ ಕೊಯ್ಯುತ್ತಿದ್ದೆ, ಕೊಯ್ಯುವುದನ್ನು ನಿಲ್ಲಿಸಿದೆ.

"ನೋಡು ಪೊನ್ನಮ್ಮ. ಈ ಆಟಿ ಮುಗಿಯೋವರೆಗೆ ನೀನು ಯಾರ ಮೈಯ ವಿಷಯವೂ ಕೇಳಬಾರದು. ಆಡಲೂಬಾರದು. ಕೇಳಿದೆ ಅಂತ ನನ್ನ ಕಿವಿಗೆ ಬಿದ್ದರೆ ಹೆರಿಗೆ ನಮ್ಮಲ್ಲೇ ಆಗ್ತದೆ. ನೀನು ಬಂದು ಮಗುವನ್ನ ನೋಡ್ಕೊಂಡು ಹೋಗು. ನೆಂಟರ ಹಾಗೆ."

"ನೆಂಟರ ಹಾಗಾ?" ಅಂದಳು ಪೊನ್ನಮ್ಮ.

"ಕಾಫಿ ಕೊಡ್ತೇನೆ" ಅಂದಳು ಪೂವಮ್ಮ.

ಪೊನ್ನಮ್ಮ ದೇವರ ದೀಪ ಮುಟ್ಟಿ ಆಣೆ ಮಾಡಿದಳು. ಉತ್ತಯ್ಯಣ್ಣ ಆ ದೀಪವನ್ನೇ ಒಂದು ಸಲ, ಹೆಂಡತಿಯನ್ನೇ ಒಂದು ಸಲ ನೋಡಿದರು. ದೀಪದ ಮೇಲೆ ಅವರಿಗೆ ಕನಿಕರ ಬಂದ ಹಾಗೆ ಇತ್ತು.

ಆ ತಿಂಗಳು ಅವಳು ಪಟ್ಟ ಪಾಡು ಹೇಳತೀರದು. ಬಾಯಲ್ಲಿ ಯಾವಾಗಲೂ ಒಂದು ಲವಂಗ. ಯಾರಾದರೂ ಕುಂಟುತ್ತಾ ಹೋದರೆ ಲವಂಗ ಕಡಿಯುವ ಸದ್ದು ಬೇಲಿಯ ಈಚೆಗೆ ಕೇಳುತ್ತಿತ್ತು. ತಡೆಯಲಾಗದಿದ್ದಾಗ ಕೊಟ್ಟಿಗೆಗೆ ಓಡುತ್ತಿದ್ದಳು. ಆಣೆಯಲ್ಲಿ ದನಗಳ ಮಾತು ಇರಲಿಲ್ಲವಲ್ಲ. "ಕೌಲೀ, ಹೊಟ್ಟೆ ಉಬ್ಬರ ಉಟ್ಟಾ? ಸಗಣಿ ಯಾಕೆ ಹೀಂಗೆ? ನಾಚ್ಕೋಬೇಡ, ಹೇಳು." ಕೌಲಿ ಅವಳನ್ನು ಕಂಡರೆ ಮುಖ ತಿರುಗಿಸತೊಡಗಿತು. ಇತ್ತ ಪಟೇಲರು ಮಂಡಿನೋವು ಅಂತ ಕೋಲು ಹಿಡಿದು ಅವಳ ಮನೆ ಮುಂದೆ ಎರಡು ಸಲ ಬೇಕಂತಲೇ ಓಡಾಡಿದರು. ಯಾರೂ ಕೇಳಲಿಲ್ಲ. ಸ್ವಲ್ಪ ಬೇಜಾರಾಗಿಯೇ ಮನೆಗೆ ಹೋದರು.

ಆ ವರ್ಷವೇ ಪೊನ್ನಮ್ಮನ ಜಗಲಿ ಕೋಣೆಗೆ ಒಬ್ಬ ಟೈಲರ್ ಬಾಡಿಗೆಗೆ ಬಂದಿದ್ದ. ಸಣ್ಣಸ್ವಾಮಿ ಅಂತ, ಶಿರಂಗಾಲದವನು. ಅವನ ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಅಲ್ಲಿ ನೆಲೆ ನಿಂತವರು. ಕೊಡಗಿನಲ್ಲೇ ಹುಟ್ಟಿದವನಾದರೂ ನಮ್ಮ ಆಟಿ, ನಮ್ಮ ಸೊಪ್ಪು ಅವನಿಗೆ ಗೊತ್ತಿರಲಿಲ್ಲ. ಅವರ ಕಡೆ ರಾಗಿ, ಹೊಗೆಸೊಪ್ಪು, ಬೇರೆಯೇ ಲೋಕ.

ಹೆಸರಿಗೆ ತಕ್ಕ ಹಾಗೆ ಸಣ್ಣ ಮೈ, ಸಣ್ಣ ದನಿ. ನಾಚಿಕೆಯ ಪ್ರಾಣಿ. ಹೆಂಗಸರ ರವಿಕೆಗೆ ಮೈಯಳತೆ ತೆಗೆಯುತ್ತಿರಲಿಲ್ಲ, ಹಳೆಯ ರವಿಕೆ ತಂದುಕೊಡಿ ಅನ್ನುತ್ತಿದ್ದ. ಪೊನ್ನಮ್ಮ ಅವನು ಬಂದ ಹೊಸತರಲ್ಲಿ, ಆಣೆಗೂ ಮುಂಚೆ, "ಪಟೇಲರ ಹೆಂಡತಿದು ಸೊಂಟ ಎಷ್ಟಪ್ಪ?" ಅಂತ ಕೇಳಿದ್ದಳು. "ಅದೆಲ್ಲ ಹೇಳಬಾರದು ಕಣಕ್ಕೋ" ಅಂದಿದ್ದ. "ನನ್ನದಕ್ಕಿಂತ ಹೆಚ್ಚಾ ಕಮ್ಮಿಯಾ ಅಷ್ಟು ಹೇಳು ಸಾಕು." "ಅಕ್ಕೋ, ನಿಮ್ಮದನ್ನೂ ನಾನು ಅವರಿಗೆ ಹೇಳಿಲ್ಲ." ಆದರೂ ಹುಡುಗ ಸೊರಗಿದ್ದಾನೆ ಅಂತ ದಿನವೂ ಅವನಿಗೆ ಎರಡು ಸೌಟು ಹೆಚ್ಚು ಬಡಿಸುತ್ತಿದ್ದಳು.

ಆಟಿ ಹದಿನೆಂಟು ಬಂತು. ಪಾಯಸ ಆಯಿತು. ಸಣ್ಣಸ್ವಾಮಿ ಮೊದಲು ಬಣ್ಣ ನೋಡಿ ಬೆಚ್ಚಿದ, ಆಮೇಲೆ ರುಚಿ ಹತ್ತಿ ಮೂರು ಸಲ ಹಾಕಿಸಿಕೊಂಡ. ಬೆಳಗ್ಗೆ ಏನಾಗುತ್ತದೆ ಅಂತ ಅವನಿಗೆ ಯಾರೂ ಹೇಳಲಿಲ್ಲ. ಯಾಕೆ ಅಂದರೆ, ನಮ್ಮೂರಲ್ಲಿ ಆ ಮಾತನ್ನು ಯಾರೂ ಯಾರಿಗೂ ಹೇಳಿ ಅಭ್ಯಾಸವೇ ಇಲ್ಲ. ಹೊಸ ಸೊಸೆ ಬರಲಿ, ನೆಂಟರು ಬರಲಿ, ಮಾರನೆಯ ಬೆಳಗ್ಗೆ ಪೊನ್ನಮ್ಮ ರಸ್ತೆಯಲ್ಲಿ ಕೂಗುತ್ತಾಳೆ, ಅವರಿಗೆ ತಾನಾಗಿ ಗೊತ್ತಾಗುತ್ತದೆ. ಆ ವರ್ಷ ಕೂಗುವವಳ ಬಾಯಿ ಕಟ್ಟಿದ್ದೇವೆ ಅನ್ನುವುದು ಯಾರ ತಲೆಗೂ ಹೊಳೆಯಲಿಲ್ಲ.

ಮಾರನೆಯ ಬೆಳಗ್ಗೆ ಊರು ಎಷ್ಟು ನಿಶ್ಶಬ್ದವಾಗಿತ್ತು ಅಂದರೆ ಕೋಳಿಗಳು ಕೂಡ ಗಾಬರಿಯಾದ ಹಾಗಿದ್ದವು. ಪಟೇಲರು ಬಾಗಿಲು ತೆರೆದಿಟ್ಟು ಜಗಲಿಯಲ್ಲಿ ಕಾಫಿ ಕುಡಿದರಂತೆ. ಪೊನ್ನಮ್ಮ ಯಾರ ಮುಖ ಕಂಡರೆ ಏನು ಕೇಳಿಬಿಡುತ್ತೇನೋ ಅಂತ ಅಡಿಗೆಮನೆ ಬಿಟ್ಟು ಹೊರಗೆ ಬರಲಿಲ್ಲ.

ಸಣ್ಣಸ್ವಾಮಿ ಬಚ್ಚಲಿಗೆ ಹೋದ. ಉತ್ತಯ್ಯಣ್ಣ ಆ ಬೇಸಗೆಯಲ್ಲಷ್ಟೇ ಬಚ್ಚಲಿಗೆ ಸಿಮೆಂಟು ಹಾಕಿಸಿ ಸುಣ್ಣ ಬಳಿಸಿದ್ದರು. ಊರಿಗೇ ಮೊದಲ ಸಿಮೆಂಟಿನ ಬಚ್ಚಲು. ಬೇರೆಲ್ಲಾದರೂ ಬೇಲಿ ಮರೆಗೆ ಹೋಗಿದ್ದರೆ ಮಳೆಯಲ್ಲಿ, ಕೆಮ್ಮಣ್ಣಿನಲ್ಲಿ ಏನೂ ಕಾಣುತ್ತಿರಲಿಲ್ಲ. ಆ ನುಣ್ಣನೆಯ ಸಿಮೆಂಟು ನೆಲದ ಮೇಲೆ ಎಲ್ಲ ಚೆನ್ನಾಗಿ ಕಂಡಿತು.

ಅವನು ಹೊರಗೆ ಬಂದಾಗ ಮುಖ ಆ ಸುಣ್ಣದ ಗೋಡೆಗಿಂತ ಬಿಳಿ. ಅವನ ಸೋದರಮಾವ ಒಬ್ಬರು ಹೀಗೇ ಕೆಂಪು ಹೋಗಿ, ವಾರದೊಳಗೆ ತೀರಿಕೊಂಡಿದ್ದರಂತೆ. ಅದನ್ನು ಅವನು ನಮಗೆ ಹೇಳಿದ್ದು ಆಮೇಲೆ. ಆವತ್ತು ಮಾತ್ರ ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ. ಇಂಥ ಜಾಗದ ಕಾಯಿಲೆಯನ್ನು ಬಾಡಿಗೆ ಮನೆಯ ಹೆಂಗಸಿಗೆ ಹೇಗೆ ಹೇಳುವುದು?

ಹೋಗಿ ಮೆಷಿನ್ ಮುಂದೆ ಕೂತ. ಸಾಯುವವನು ಯಾರ ಬಟ್ಟೆಯನ್ನೂ ಅರ್ಧ ಬಿಟ್ಟು ಸಾಯಬಾರದು ಅಂತ ಹೊಲಿಯತೊಡಗಿದ. ಗಡಗಡ ಗಡಗಡ, ಅಂಥ ಓಟವನ್ನು ನಾವು ಕೇಳಿರಲೇ ಇಲ್ಲ. ನಮ್ಮ ಮನೆಯವರ ಅಂಗಿ ಆವತ್ತೇ ಆಯಿತು. ಎರಡು ತಿಂಗಳಿಂದ ನಾಳೆ ನಾಳೆ ಅನ್ನುತ್ತಿದ್ದ ಅಂಗಿ! ಬಲಗೈ ಎಡಗಡೆ ಹೊಲಿದಿದ್ದ, ಅದು ಬೇರೆ ಮಾತು.

ಪೊನ್ನಮ್ಮ ಅಡಿಗೆಮನೆಯ ಕಿಂಡಿಯಿಂದ ನೋಡಿದಳು. ಹುಡುಗ ಬಾಡಿಹೋಗಿದ್ದಾನೆ. ಏನಾಯಿತು ಅಂತ ಕೇಳುವ ಹಾಗಿಲ್ಲ. ಊರ ನೆನಪಾಗಿರಬೇಕು ಅಂದುಕೊಂಡಳು. ಪಾಪ, ಶಕ್ತಿಗೆ ಇರಲಿ ಅಂತ ಉಳಿದಿದ್ದ ಪಾಯಸವನ್ನು ಬಟ್ಟಲ ತುಂಬ ತುಂಬಿ, ಮುಖ ಆಚೆ ತಿರುಗಿಸಿಕೊಂಡು ಅವನ ಮುಂದೆ ಇಟ್ಟುಹೋದಳು. ಇದೇ ಕೊನೆಯ ಊಟವೋ ಏನೋ ಅಂತ ಅವನು ಅಷ್ಟನ್ನೂ ತಿಂದ. ಮಧ್ಯಾಹ್ನ ಇನ್ನೊಂದು ಬಟ್ಟಲು ಬಂತು. ಅದನ್ನೂ ತಿಂದ. ಆಮೇಲೆ ಬಚ್ಚಲಿಗೆ ಹೋದರೆ ಬೆಳಗಿಗಿಂತ ಕೆಂಪು.

ಅಲ್ಲಿಗೆ ಅವನಿಗೆ ಖಾತ್ರಿಯಾಯಿತು. ಸಾಯುವುದಾದರೆ ಶಿರಂಗಾಲದಲ್ಲಿ, ಅಕ್ಕ ಕಾಳಮ್ಮನ ಮನೆಯಲ್ಲಿ ಸಾಯೋಣ ಅಂತ ಮೆಷಿನ್ನಿನ ತಲೆ ಬಿಚ್ಚಿ ಗೋಣಿಯಲ್ಲಿ ಕಟ್ಟಿಕೊಂಡ. ಹೊರಡುವಾಗ ಜಗಲಿಯಲ್ಲಿ ಕೂತಿದ್ದ ಉತ್ತಯ್ಯಣ್ಣನಿಗೆ ಮೆಲ್ಲಗೆ ಹೇಳಿದ, "ಅಣ್ಣಾ, ಬಚ್ಚಲಿಗೆ ಒಂದಿಷ್ಟು ಫಿನಾಯಿಲ್ ಹಾಕಿಸಿಬಿಡಿ. ನನ್ನ ಕಾಯಿಲೆ ನಿಮಗೆ ಅಂಟೋದು ಬೇಡ. ಅಕ್ಕನ ಕೈಯ ಊಟ ಮರೆಯಲ್ಲ ಅಂತ ಹೇಳಿ."

"ಆತ್" ಅಂದರು ಉತ್ತಯ್ಯಣ್ಣ. ಅವರು ಯಾರನ್ನೂ ಯಾಕೆ ಅಂತ ಕೇಳಿದವರಲ್ಲ.

ಅವನು ಹೋಗಿ ಒಂದು ಎಲೆ ಅಡಿಕೆ ಮುಗಿಯುವಷ್ಟು ಹೊತ್ತಾದ ಮೇಲೆ ಅವರು ಒಳಗೆ ಹೋಗಿ ಹೆಂಡತಿಯನ್ನು ಕೇಳಿದರು, "ಫಿನಾಯಿಲ್ ಉಟ್ಟಾ?"

"ಎಂತಕ್ಕೆ?"

"ಬಚ್ಚಲಿಗೆ. ಟೈಲರಿಗೆ ಎಂತದೋ ಕಾಯಿಲೆ ಅಂತೆ. ಊರಿಗೆ ಹೋದ."

ಪೊನ್ನಮ್ಮನ ಕೈಯ ಸೌಟು ಕೆಳಗೆ ಬಿತ್ತು. ಲವಂಗ ಉಗುಳಿದಳು. "ಅಯ್ಯೋ ದೇವರೇ! ಆ ಹೈದಂಗೆ ಕೆಂಪು ಹೋಗಿರ್ದು! ಅವಂಗೆ ಗೊತ್ತಿಲ್ಲೆ! ನೀವು ಹೇಳ್ಲಿಲ್ಲೆಯಾ?"

"ನಾನು ಹೆಂಗೆ ಹೇಳ್ದು? ಅಂಥದ್ದೆಲ್ಲ ನೀನು ಹೇಳ್ದಲ್ಲಾ ಪ್ರತಿ ವರ್ಷ."

ಅವಳು ಬೇಲಿ ಹತ್ತಿರ ಬಂದು ನನ್ನನ್ನು ಕೂಗಿದಳು. ಕಣ್ಣಲ್ಲಿ ನೀರು. "ಎಲ್ಲ ಸೇರಿ ನನ್ನ ಬಾಯಿ ಮುಚ್ಚಿಸಿ ಒಂದು ಜೀವ ತೆಗೆದ್ರಲ್ಲ! ಬಾ ಕೂಸು, ಬಸ್ಸು ಹಿಡಿಯೋಣ!"

ಅವನು ಗಾಬರಿಯಲ್ಲಿ ಹೀಗೇ ಹೋದರೆ ದಾರಿಯಲ್ಲಿ ಎದೆ ಒಡೆದುಕೊಂಡು ಸತ್ತಾನು ಅಂತ ಅವಳ ಹೆದರಿಕೆ. ನಾನು ಹೇಳಿದೆ, "ಅತ್ತೆ, ಕಿವಿಯಲ್ಲಿ ಮೆಲ್ಲಗೆ ಹೇಳಿದರೆ ಪೂವಮ್ಮತ್ತೆಗೆ ಗೊತ್ತಾಗೂದಿಲ್ಲ." "ಹೂಂ, ಕಿವೀಲೇ ಹೇಳ್ದು" ಅಂತ ಒಪ್ಪಿಕೊಂಡೇ ಓಡಿದಳು.

ಬಸ್ಸು ನಿಲ್ಲುವ ಜಾಗಕ್ಕೆ ನಾವು ಮುಟ್ಟುವಾಗ ಅದು ಆಗಲೇ ಹೊರಟು ಹಿಂಭಾಗ ಕಾಣಿಸುತ್ತಿತ್ತು. ಆದರೆ ನಮ್ಮೂರ ರಸ್ತೆ ಗದ್ದೆಯನ್ನು ಬಳಸಿಕೊಂಡು ಹೋಗುತ್ತದೆ. ಅಡ್ಡ ಬಿದ್ದು ಓಡಿದರೆ ಆಚೆ ತಿರುವಿನಲ್ಲಿ ಸಿಗುತ್ತದೆ. ಪೊನ್ನಮ್ಮ ಬದು ಬಿಟ್ಟು ಗದ್ದೆಗೇ ಇಳಿದಳು. ಆಗತಾನೇ ನಾಟಿ ಮಾಡಿದ ಗದ್ದೆ. ಗೊರಬೆ ಬೆನ್ನ ಮೇಲೆ ಹಾರುತ್ತಿದೆ, ಸೀರೆ ಮಂಡಿಗೆ ಸಿಕ್ಕಿದೆ, ಸಸಿಗಳು ಅತ್ತಿತ್ತ ತೇಲುತ್ತಿವೆ. ಬಸ್ಸಿನ ಕಿಟಕಿಯಿಂದ ಒಂದು ದನಿ ಕೇಳಿತು, "ಏಯ್! ಏಯ್! ಅದು ನನ್ನ ಗದ್ದೆ!" ಪಟೇಲರು ಮಡಿಕೇರಿಗೆ ಹೊರಟಿದ್ದರು.

ತಿರುವಿನಲ್ಲಿ ಅವಳು ರಸ್ತೆಯ ನಡುವೆ ಕೈ ಅಗಲಿಸಿ ನಿಂತಳು. ಡ್ರೈವರ್ ಬೋಜಪ್ಪ ಬ್ರೇಕು ತುಳಿದ. ನಾನು ಹಿಂದಿನಿಂದ ಏದುಸಿರು ಬಿಡುತ್ತಾ ಬಂದು ಮುಟ್ಟಿದೆ.

ಸಣ್ಣಸ್ವಾಮಿ ಕಡೇ ಸೀಟಿನ ಮೂಲೆಯಲ್ಲಿ, ಮೆಷಿನ್ ತಲೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದ. ಅವನ ಮತ್ತು ಬಾಗಿಲಿನ ನಡುವೆ ಮೂಟೆ, ಕೋಳಿ, ಜನ, ಕಾಲಿಡಲು ಜಾಗವಿಲ್ಲ. ಕಿವಿ ಎಲ್ಲಿ, ಅವಳೆಲ್ಲಿ. ಅಲ್ಲದೆ ಮುಂದಿನ ಕಿಟಕಿಯಲ್ಲಿ, ನೆರಿಗೆ ಒಂದಿಷ್ಟೂ ಮುದುಡದ ಹಾಗೆ ಕೂತಿದ್ದವಳು ಪೂವಮ್ಮ. ಬಳೆಗೆ ಅಂತ ಮಡಿಕೇರಿಗೆ ಹೊರಟಿದ್ದಳು.

ಇಬ್ಬರು ಬೀಗಿತ್ತಿಯರ ಕಣ್ಣು ಸೇರಿತು. ಪೊನ್ನಮ್ಮ ಬಾಯಿ ತೆರೆದವಳು ಹಾಗೇ ನಿಂತಳು. ಆ ತೊಟ್ಟಿಲ ಹಗ್ಗ, ಆ ಒಗೆದಿಟ್ಟ ಹಳೆ ಸೀರೆ, ಎಲ್ಲ ಅವಳ ಕಣ್ಣ ಮುಂದೆ ಬಂದಿರಬೇಕು. ಡ್ರೈವರ್, "ಎಂತ ಅತ್ತೆ, ಹತ್ತುದಾ ಇಳಿಯುದಾ?" ಅಂದ. ಹಿಂದಿನ ಸೀಟಿನಲ್ಲಿ ಸಣ್ಣಸ್ವಾಮಿ ಮೂಗು ಒರೆಸಿಕೊಂಡ.

ಪೊನ್ನಮ್ಮ ಪೂವಮ್ಮನ ಮೇಲಿಂದ ಕಣ್ಣು ಕಿತ್ತು, ಇಡೀ ಹೊಟ್ಟೆಯಿಂದ ಕೂಗಿದಳು:

"ಸಣ್ಣಸ್ವಾಮೀ! ಕೆಂಪು ಬಾತಾ?"

ಕೋಳಿ ಒಂದೇ ಕೊಕ್ ಅಂದಿತು.

"ಅಕ್ಕೋ... ಮೆಲ್ಲಗೆ..." ಅಂದ ಅವನು. ಆಮೇಲೆ ಅಳು ಬಂತು. "ಹೂಂ ಕಣಕ್ಕೋ. ಬಂತು. ನಿಮಗ್ಯಾರು ಹೇಳಿದ್ರು?"

"ಯಾರಾದ್ರೂ ಹೇಳಬೇಕಾ? ಅದು ಪಾಯಸದ ಬಣ್ಣ ಮಾರಾಯ! ತಿಂದವರಿಗೆಲ್ಲ ಹಾಗೇ ಹೋಗ್ತದೆ. ಕಾಯಿಲೆ ಅಲ್ಲ, ಮದ್ದು! ಇಳಿ ಕೆಳಗೆ!"

"ಸುಮ್ಮನೆ ನನ್ನ ಸಮಾಧಾನಕ್ಕೆ ಹೇಳ್ತೀರಿ. ನಮ್ಮ ಸೋದರಮಾವನಿಗೂ ಹಿಂಗೇ, ಕಷಾಯದ ಬಣ್ಣ ಅಂತಲೇ ಹೇಳಿದ್ರು. ಹೋಗೇಬಿಟ್ರು."

"ಇಲ್ಲೆ ಮಾರಾಯ! ಎಲ್ಲರಿಗೂ ಹೋಗ್ತದೆ. ಕೇಳು ಬೇಕಾದ್ರೆ! ಯಾರಾದ್ರೂ ಹೇಳ್ರಪ್ಪ!"

ಬಸ್ಸಿನವರೆಲ್ಲ ಕಿಟಕಿಯ ಹೊರಗೆ ನೋಡತೊಡಗಿದರು. ಹೊರಗೆ ನೋಡುವಂಥದ್ದೇನೂ ಇರಲಿಲ್ಲ, ತುಳಿದ ಗದ್ದೆ ಒಂದೇ. ಸಣ್ಣಸ್ವಾಮಿ ಇನ್ನೂ ಜೋರಾಗಿ ಅಳತೊಡಗಿದ. "ನೋಡಿ, ಯಾರಿಗೂ ಇಲ್ಲ. ನನಗೊಬ್ಬನಿಗೇ."

ಆಗ ಮುಂದಿನ ಸೀಟಿನಿಂದ ಒಂದು ಕೆಮ್ಮು. ಪಟೇಲ್ ಗುರುವಪ್ಪನವರು ಎದ್ದು ನಿಂತರು. ಕೋಟಿನ ಮೇಲಿನ ಗುಂಡಿ ಮುಟ್ಟಿ ನೋಡಿಕೊಂಡರು. ಯಾರನ್ನೂ ನೋಡದೆ, ಬಸ್ಸಿನ ಮಾಡಿಗೆ ಹೇಳುವವರ ಹಾಗೆ ಹೇಳಿದರು:

"ನಂಗೂ ಬಾತ್."

ಕೂತುಬಿಟ್ಟರು.

"ನಂಗೂ" ಅಂತ ಕೋಳಿಯವಳು ಸೆರಗೊಳಗಿಂದ ಅಂದಳು. "ನಂಗೆ ಎರಡು ಸಲ" ಅಂತ ಯಾರೋ. "ನಂಗೆ ಬೆಳಗ್ಗೆ ಬಾರದೆ ಚಿಂತೆ ಆಗಿತ್ತು, ಹತ್ತು ಗಂಟೆಗೆ ಬಾತ್" ಅಂತ ಡ್ರೈವರ್ ಬೋಜಪ್ಪ ಸ್ಟೀರಿಂಗ್ ತಟ್ಟಿದ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದ್ದು. ಬಣ್ಣದ ಮೇಲೆ ಜಗಳವೇ ಶುರುವಾಯಿತು, ಒಬ್ಬ ದಾಸವಾಳ ಅಂದರೆ ಇನ್ನೊಬ್ಬ ಮಂಕಾದ ಇಟ್ಟಿಗೆ ಅಂದ. ಇಷ್ಟು ವರ್ಷ ಒಳಗೇ ಇಟ್ಟುಕೊಂಡದ್ದೆಲ್ಲ ಒಟ್ಟಿಗೇ ಹೊರಗೆ ಬಂತು. ಸಣ್ಣಸ್ವಾಮಿ ಒಬ್ಬೊಬ್ಬರ ಬಾಯನ್ನೇ ನೋಡುತ್ತಾ, ಅಳುತ್ತಲೇ ನಗತೊಡಗಿದ.

ಹೇಳುತ್ತಾ ಹೇಳುತ್ತಾ ಸರದಿ ಪೂವಮ್ಮನ ಹತ್ತಿರ ಬಂದು ನಿಂತಿತು. ಉಳಿದವಳು ಅವಳೊಬ್ಬಳೇ. ಎಲ್ಲರೂ ತಿರುಗಿ ನೋಡಿದರು.

"ನನ್ನನ್ನ ಯಾಕೆ ನೋಡ್ತೀರಿ?" ಅಂದಳು. ಯಾರೂ ಕಣ್ಣು ತೆಗೆಯಲಿಲ್ಲ. ಅವಳ ಕಿವಿಯ ತುದಿ ಕೆಂಪಾಯಿತು. "ನಂಗೂ... ಬಾತ್" ಅಂದಳು. ಆ ಮಾತಿಗೆ ಕಾಲಿರಲಿಲ್ಲ, ಸುಳ್ಳು ಅಂತ ನನಗೆ ಅನ್ನಿಸಿತು. ಬೇರೆಯವರಿಗೆ ಗೊತ್ತಾಗಿರಲಿಕ್ಕಿಲ್ಲ. ಮದ್ದು ಕೊಟ್ಟವಳಿಗೆ ಗೊತ್ತಾಗದೆ ಇರುತ್ತದೆಯೇ? ಪೊನ್ನಮ್ಮ ಕಿಟಕಿಯ ಕೆಳಗೆ ನಿಂತು ಬೀಗಿತ್ತಿಯ ಮುಖವನ್ನೇ ನೋಡಿದಳು. ಅವಳ ಬಾಯಿ ತೆರೆಯಿತು. ಎಷ್ಟು ತಿಂದ್ರಿ, ಯಾವಾಗ ತಿಂದ್ರಿ, ಪ್ರತಿ ವರ್ಷ ಹೀಗೇನಾ, ಎಲ್ಲ ನಾಲಿಗೆಯ ತುದಿಗೆ ಬಂದು ಸಾಲು ನಿಂತದ್ದು ನನಗೇ ಕಂಡಿತು.

ಬಾಯಿ ಮುಚ್ಚಿತು.

"ರೈಟ್, ಹೋಗಲಿ ಬಸ್ಸು" ಅಂದಳು. "ಪೂವಮ್ಮನಿಗೆ ಬಳೆ ಅಂಗಡಿ ಹೊತ್ತಾಗ್ತದೆ."

ಸಣ್ಣಸ್ವಾಮಿ ಮೆಷಿನ್ ಹೊತ್ತು ಇಳಿದ. ಪೊನ್ನಮ್ಮ ಮನೆಗೆ ಬಂದು ತೊಟ್ಟಿಲ ಹಗ್ಗವನ್ನು ಸುತ್ತಿ ಅಟ್ಟಕ್ಕೆ ಎಸೆದಳು. "ಬಿಡಿ, ನೆಂಟರ ಹಾಗೆ ಹೋಗಿ ನೋಡ್ದು. ಕಾಫಿ ಕೊಟ್ಟಾರಂತೆ" ಅಂದಳು ಉತ್ತಯ್ಯಣ್ಣನಿಗೆ. ಆ ಮನುಷ್ಯ, ಹೆಂಡತಿ ಆಚೆ ಹೋದ ಮೇಲೆ, ಏಣಿ ಹಾಕಿ ಹಗ್ಗವನ್ನು ಇಳಿಸಿ ಧೂಳು ಕೊಡವಿ ಇಟ್ಟರು.

ಆಟಿಯ ಉಳಿದ ದಿನಗಳು ಹೇಗೆ ಕಳೆದವೋ. ಪೂವಮ್ಮನ ಮನೆಯಿಂದ ಒಂದು ಸುದ್ದಿಯಿಲ್ಲ. ಯಮುನ ಹೇಳಿದ್ದು ಆಮೇಲೆ: ಅವಳ ಮಾವ ಊಟಕ್ಕೆ ಕೂತಾಗ, "ಬೀಗಿತ್ತಿ ಮಾತು ತಪ್ಪಿದ್ಳಲ್ಲ, ಇನ್ನು ಎಂತ ಮಾಡ್ದು?" ಅಂದರಂತೆ. ಪೂವಮ್ಮ ಬಹಳ ಹೊತ್ತು ಮಜ್ಜಿಗೆ ಕಲಸಿ ಹೇಳಿದಳಂತೆ, "ಟೈಲರನ್ನ ಕೇಳಿದ್ಳು. ಸಾಯ್ತೇನೆ ಅಂದವನನ್ನ ಕೇಳ್ದೆ ಇನ್ನು ಯಾರನ್ನ ಕೇಳ್ದು? ನನ್ನನ್ನ ಕೇಳ್ಲಿಲ್ಲೆ ಅವಳು. ಕೇಳಬಹುದಿತ್ತು."

ಸೋಣ ತಿಂಗಳು ಹುಟ್ಟಿದ ಮೊದಲ ಗುರುವಾರ, ಮಳೆ ಸ್ವಲ್ಪ ಬಿಟ್ಟಿದ್ದ ಹೊತ್ತಿನಲ್ಲಿ, ಯಮುನ ಬಂದಳು. ಹಿಂದೆ ಅವಳ ಬಟ್ಟೆ ಗಂಟು ಹಿಡಿದು ಪೂವಮ್ಮ ತಾನೇ ಬಂದಿದ್ದಳು. ಪೊನ್ನಮ್ಮನಿಗೆ ಮಗಳ ಹೊಟ್ಟೆ ನೋಡುವುದೋ ಬೀಗಿತ್ತಿಯ ಕಾಲಿಗೆ ನೀರು ಕೊಡುವುದೋ ತಿಳಿಯದೆ ಚೊಂಬನ್ನು ತನ್ನ ಕಾಲ ಮೇಲೇ ಸುರಿದುಕೊಂಡಳು. ಸಣ್ಣಸ್ವಾಮಿ ಮೆಷಿನ್ ನಿಲ್ಲಿಸಿ ಎದ್ದು ನಿಂತ. ಬೇಲಿಯ ಮೇಲೆ ನಾನು, ನನ್ನ ಅತ್ತೆ, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು.

ಪೂವಮ್ಮ ಕಾಫಿ ಕುಡಿದಳು. ಆಮೇಲೆ ಲೋಟ ಕೆಳಗಿಟ್ಟು, "ಪೊನ್ನಮ್ಮ, ಸ್ವಲ್ಪ ಒಳಗೆ ಬಾ" ಅಂದಳು.

ಇಬ್ಬರೂ ಒಳಕೋಣೆಗೆ ಹೋದರು. ಬಾಗಿಲು ಹಾಕಿಕೊಂಡಿತು. ಆ ಮನೆಯ ಒಳಕೋಣೆಗೆ ಬಾಗಿಲು ಇದೆ ಅಂತಲೇ ನಮಗೆ ಆವತ್ತು ಗೊತ್ತಾದದ್ದು. ಉತ್ತಯ್ಯಣ್ಣ, ಜೀವಮಾನದಲ್ಲಿ ಯಾರನ್ನೂ ಏನೂ ಕೇಳದ ಉತ್ತಯ್ಯಣ್ಣ, ಮೆಲ್ಲಗೆ ಎದ್ದು ಬಾಗಿಲ ಹತ್ತಿರ ಹೋಗಿ ಕಿವಿ ಇಟ್ಟರು. ಒಳಗಿಂದ ಹೆಂಡತಿಯ ದನಿ, "ಅಲ್ಲಿ ಯಾರು ಕೆಮ್ಮುದು? ಜಗಲಿಗೆ ಹೋಗಿ!" ಯಮುನ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬಹಳ ಹೊತ್ತು ಆಯಿತು. ಹೊರಗೆ ಬಂದಾಗ ಪೂವಮ್ಮನ ಮುಖ ಹಗುರಾಗಿತ್ತು, ಸೆರಗಿನ ತುದಿಯಲ್ಲಿ ಏನೋ ಬೇರು ಗಂಟು ಕಟ್ಟಿತ್ತು. ಅವಳು ಹೋದ ಮೇಲೆ ನಾವೆಲ್ಲ ಪೊನ್ನಮ್ಮನ ಮೇಲೆ ಬಿದ್ದೆವು. ಎಂತ ಆತ್, ಎಂತ ಹೇಳಿದ್ಳು, ನಮಗೆ ಮಾತ್ರ ಹೇಳಿ. ಊಹೂಂ. ಬೈದರೂ ಇಲ್ಲ, ಕಾಡಿದರೂ ಇಲ್ಲ. ಊರಿನ ಎಲ್ಲರ ಹೊಟ್ಟೆಯ ಲೆಕ್ಕ ಇಟ್ಟುಕೊಂಡು ಬೀದಿಯಲ್ಲಿ ಓದುತ್ತಿದ್ದ ಹೆಂಗಸು, ಆ ಒಂದು ಮಾತನ್ನು ಸಾಯುವವರೆಗೂ ಹೇಳಲಿಲ್ಲ. ನನಗೊಂದು ಅಂದಾಜು ಇದೆ. ಇರಲಿ.

ಯಮುನಳಿಗೆ ತುಲಾ ಮಾಸದಲ್ಲಿ, ಅವಳ ಅವ್ವನ ಮನೆಯಲ್ಲೇ ಹೆರಿಗೆ ನೋವು ಬಂತು. ಹಗಲು ಹೊತ್ತು. ಪೂವಮ್ಮನೂ ಬಂದು ಒಳಗೆ ಸೇರಿಕೊಂಡಿದ್ದಳು. ಊರಿಗೆ ಊರೇ ರಸ್ತೆಯಲ್ಲಿ ನೆರೆಯಿತು, ಪಟೇಲರು ಕೂಡ ಕೋಲೂರಿ ನಿಂತಿದ್ದರು. ಮಗುವಿನ ಅಳು ಕೇಳಿದ್ದೇ ತಡ, ಹೆಣ್ಣೋ ಗಂಡೋ ಅಂತ ರಸ್ತೆಯಿಂದ ಕೂಗೆದ್ದಿತು. ಎಲ್ಲರಿಗಿಂತ ಗಟ್ಟಿ ದನಿ ಪಟೇಲರದ್ದೇ:

"ಪೊನ್ನಮ್ಮಾ! ಗೂಡೆಯಾ, ಹೈದನಾ?"

ಪೊನ್ನಮ್ಮ ಕಿಟಕಿಯಲ್ಲಿ ಮುಖ ತೋರಿಸಿದಳು. ಬೆವರು ಇಳಿಯುತ್ತಿತ್ತು, ತಲೆಗೂದಲು ಕೆದರಿತ್ತು.

"ನಾಚಿಕೆ ಆಗೂದಿಲ್ಲೆಯಾ ಪಟೇಲ್ರೇ? ರಸ್ತೇಲಿ ನಿಂತು ಕೇಳುವ ಮಾತಾ ಅದು? ಕಾಲು ತೊಳ್ಕೊಂಡು ಒಳಗೆ ಬನ್ನಿ!"